ಜೆಸಿಬಿ ಇಳಿಯುವ ಮೊದಲು: ಕಟ್ಟಡ ಕಾಮಗಾರಿಗೆ ಬೇಕಾದ ಪರಿಸರ ಅನುಮತಿಗಳನ್ನು ಪಡೆಯುವುದು ಹೇಗೆ?

ಹುಬ್ಬಳ್ಳಿ–ಧಾರವಾಡದಲ್ಲಿ ದೊಡ್ಡ ಕಟ್ಟಡಕ್ಕೆ ಕೈ ಹಾಕುವವರು ಸಾಮಾನ್ಯವಾಗಿ ಹಿಡಿಯುವ ಕ್ರಮ ಇದು: ಮೊದಲು ಜಾಗದ ವ್ಯವಹಾರ, ನಂತರ ಬಿನ್‌ಶೇತ್ಕಿ (ಕೃಷಿ ಭೂಮಿಯ ಕೃಷಿಯೇತರ ಪರಿವರ್ತನೆ), ಆಮೇಲೆ ನಕ್ಷೆ, ಬ್ಯಾಂಕ್ ಸಾಲ, ಭೂಮಿಪೂಜೆ. ಪರಿಸರದ ಕಾಗದಪತ್ರ ನೆನಪಾಗುವುದು ಪಾಯ ತೆಗೆದ ಮೇಲೆ, ಅದೂ ಪಕ್ಕದವರು ದೂರು ಕೊಟ್ಟಾಗ ಅಥವಾ ಬ್ಯಾಂಕಿನವರು ಕೇಳಿದಾಗ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸವಿದು. ಮಳೆ ನೀರು ಎತ್ತ ಹರಿಯುತ್ತದೆ, ಅಗೆದ ಮಣ್ಣು ಎಲ್ಲಿ ಬೀಳುತ್ತದೆ, ಮನೆಗಳ ಕೊಳಚೆ ನೀರು ಎಲ್ಲಿ ಸೇರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ನಕ್ಷೆ ಬರೆಯುವ ಮುನ್ನ ಉತ್ತರ ಹುಡುಕಿಕೊಂಡವರಿಗೆ ಅರ್ಜಿ ತುಂಬುವುದು ಕಷ್ಟದ ಕೆಲಸವಲ್ಲ. ಅದಕ್ಕಾಗಿಯೇ ಇಲ್ಲಿ ಕಚೇರಿಗಿಂತ ಮೊದಲು ಜಾಗದಿಂದ ಆರಂಭಿಸಿದ್ದೇನೆ.

ಮೊದಲು ಜಾಗವನ್ನು ಓದಿ

ಖರೀದಿ ಕರಾರಿಗೆ ಸಹಿ ಹಾಕುವ ಮೊದಲು ಪಹಣಿಯನ್ನೂ ಗ್ರಾಮ ನಕ್ಷೆಯನ್ನೂ ಎದುರಿಗಿಟ್ಟುಕೊಳ್ಳಿ. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಭೂಮಿ, ಎಷ್ಟಿದೆ, ಅದರಲ್ಲಿ ‘ಬ’ ಖರಾಬು ಎಷ್ಟು ಎಂದು ನೋಡಿ. ಹಳ್ಳ, ದಾರಿ, ಕೆರೆ ಮುಂತಾದ ಸಾರ್ವಜನಿಕ ಬಳಕೆಗೆ ಮೀಸಲಾದ ಭೂಮಿ ಅದು. ಅದರ ಮೇಲೆ ಕಟ್ಟುವ ಹಕ್ಕು ಮಾರುವವರಿಗೂ ಇಲ್ಲ, ಕೊಳ್ಳುವವರಿಗೂ ಇಲ್ಲ. ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆ ನಿಮ್ಮ ಸರ್ವೆ ನಂಬರಿನೊಳಗೆ ಹಾದುಹೋಗಿದ್ದು, ಜಾಗದಲ್ಲಿ ಹಳ್ಳವೇ ಕಾಣದಿದ್ದರೆ ಯಾರೋ ಅದನ್ನು ತುಂಬಿದ್ದಾರೆ ಎಂದರ್ಥ. ಹಳ್ಳ ತುಂಬಿದರೂ ಮಳೆ ನೀರಿನ ಓಟ ಬದಲಾಗುವುದಿಲ್ಲ.

ಒಂದು ಜೋರು ಮಳೆಯಾದ ಮರುದಿನ ಜಾಗಕ್ಕೆ ಹೋಗಿ ಬನ್ನಿ. ಬೇಲಿಯ ಬುಡದಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಉಳಿದ ಕೆಸರಿನ ಗೆರೆ, ಒಂದೇ ದಿಕ್ಕಿಗೆ ಬಾಗಿ ಮಲಗಿದ ಹುಲ್ಲು: ನೀರು ಎಲ್ಲಿಂದ ಬಂದು ಎಷ್ಟು ಎತ್ತರ ನಿಂತಿತ್ತು ಎಂಬುದನ್ನು ಇವು ಯಾವ ಸರ್ವೆ ವರದಿಗಿಂತಲೂ ಸ್ಪಷ್ಟವಾಗಿ ತೋರಿಸುತ್ತವೆ. ಫೋಟೊ ತೆಗೆದು, ದಿನಾಂಕ ಬರೆದಿಡಿ. ಮುಂದೆ ಅರ್ಜಿಯ ಜೊತೆಗೆ ಕೊಡುವ ಮಳೆ ನೀರಿನ ಚರಂಡಿ ನಕ್ಷೆಗೆ ಇದೇ ತಳಹದಿ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಧಾರವಾಡದ ಶಾಲ್ಮಲೆ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರದ ಕಡೆಗೆ ಹೋಗುತ್ತದೆ. ಬೆಣ್ಣಿಹಳ್ಳ ಮಲಪ್ರಭೆಯನ್ನು ಸೇರಿ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಬೆಣ್ಣಿಹಳ್ಳ ಉಕ್ಕಿದರೆ ನವಲಗುಂದ ಭಾಗದ ಹೊಲಗಳ ಗತಿ ಏನಾಗುತ್ತದೆ ಎಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮೇಲ್ಭಾಗದಲ್ಲಿ ನಾವು ಹಳ್ಳಕ್ಕೆ ಸುರಿದ ಒಂದೊಂದು ಟಿಪ್ಪರ್ ಮಣ್ಣೂ ಕೆಳಭಾಗದ ರೈತರ ತಲೆಯ ಮೇಲಿನ ಭಾರ.

ಎರೆಮಣ್ಣಿನ ಲೆಕ್ಕ

ಹುಬ್ಬಳ್ಳಿಯ ಪೂರ್ವಕ್ಕೆ, ಗದಗ ಜಿಲ್ಲೆಯ ಬಹುಭಾಗದಲ್ಲಿ ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಆದ್ದರಿಂದ ಎರೆಮಣ್ಣನ್ನು ಪೂರ್ತಿ ತೆಗೆದು ಗರಸು ತುಂಬಿ ಪಾಯ ಕಟ್ಟುವುದು ರೂಢಿ. ಇದರ ಗಾತ್ರವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. 2,000 ಚದರ ಮೀಟರ್ ಜಾಗವನ್ನು 2 ಮೀಟರ್ ಆಳ ಅಗೆದರೆ 4,000 ಘನ ಮೀಟರ್ ಮಣ್ಣು. 10 ಘನ ಮೀಟರ್ ಹಿಡಿಯುವ ಟಿಪ್ಪರಿಗೆ 400 ಖೇಪು. ಅಗೆದ ಮಣ್ಣು ಸಡಿಲಗೊಂಡು ಉಬ್ಬುವುದರಿಂದ ಖೇಪುಗಳು ಇನ್ನೂ ಹೆಚ್ಚುತ್ತವೆ. ತುಂಬಲು ತರುವ ಗರಸಿನ ಖೇಪುಗಳು ಬೇರೆ.

ಇದೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಊರಿನ ಹೆಸರು, ಸರ್ವೆ ನಂಬರು, ಜಾಗದ ಮಾಲೀಕರ ಒಪ್ಪಿಗೆ ಪತ್ರ ಸಹಿತ ಉತ್ತರವಿರಬೇಕು. ಮೇಲಿನ ಒಂದಡಿ ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಮುಚ್ಚಿಡಿ. ಮುಂದೆ ತೋಟಕ್ಕೆ ಅದೇ ಬೇಕು. ಗರಸು, ಉಸುಕು, ಖಡಿಗಳನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಇರುವ ಕಡೆಯಿಂದಲೇ ತರಿಸಿ, ಸಾಗಣೆ ಪಾಸ್‌ಗಳನ್ನು ಕಡತದಲ್ಲಿಡಿ.

ಯಾವ ಅನುಮತಿ ನಿಮಗೆ ಅನ್ವಯಿಸುತ್ತದೆ?

ಎಲ್ಲ ಕಟ್ಟಡಗಳಿಗೂ ಪರಿಸರ ಅನುಮತಿ ಬೇಕಿಲ್ಲ. ಪರಿಸರ ಸಂರಕ್ಷಣಾ ಕಾಯ್ದೆ, 1986ರ ಅಡಿಯಲ್ಲಿ 2006ರ ಸೆಪ್ಟೆಂಬರ್ 14ರಂದು ಹೊರಬಿದ್ದ ಅಧಿಸೂಚನೆಯ ಪ್ರಕಾರ, ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅಂದರೆ ಸುಮಾರು 2.15 ಲಕ್ಷ ಚದರ ಅಡಿ ಮುಟ್ಟಿದರೆ, ಮುಂಗಡ ಪರಿಸರ ಅನುಮತಿ ಕಡ್ಡಾಯ. 1,50,000 ಚದರ ಮೀಟರ್ ಮುಟ್ಟಿದರೆ, ಅಥವಾ ಬಡಾವಣೆ 50 ಹೆಕ್ಟೇರ್‌ಗೆ (ಸುಮಾರು ನೂರಿಪ್ಪತ್ಮೂರೂವರೆ ಎಕರೆಗೆ) ಬಂದರೆ ನಿಯಮ ಇನ್ನೂ ಬಿಗಿ: ಪರಿಸರ ಪರಿಣಾಮ ಅಧ್ಯಯನ ವರದಿಯನ್ನೂ ಸಲ್ಲಿಸಬೇಕು.

ನಿರ್ಮಿತ ವಿಸ್ತೀರ್ಣ ಎಂದಾಗ ಎಡವುವವರು ಬಹಳ. ಪಾಲಿಕೆಯ ನಕ್ಷೆಯಲ್ಲಿ ಎಫ್‌ಎಆರ್ (ಜಾಗದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) ಲೆಕ್ಕಕ್ಕೆ ಬಿಟ್ಟುಬಿಡುವ ಪಾರ್ಕಿಂಗ್, ನೆಲಮಾಳಿಗೆ, ಸೇವಾ ಕೊಠಡಿಗಳೆಲ್ಲ ಇಲ್ಲಿ ಸೇರುತ್ತವೆ. ಎಲ್ಲ ಅಂತಸ್ತುಗಳನ್ನೂ ಕೂಡಿಸಿ. ಒಂದೇ ಯೋಜನೆಯನ್ನು ಎರಡು ಹೆಸರಿನಲ್ಲಿ 19,000 ಚದರ ಮೀಟರ್‌ನಂತೆ ಒಡೆದು ತೋರಿಸುವ ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ರಸ್ತೆ, ಬಾಗಿಲು, ನೀರಿನ ವ್ಯವಸ್ಥೆ ಒಂದೇ ಆಗಿದ್ದರೆ ಅದು ಒಂದೇ ಯೋಜನೆ ಎಂದು ಯಾರು ನೋಡಿದರೂ ತಿಳಿಯುತ್ತದೆ. ಅದರ ಶಿಕ್ಷೆ ಕೊನೆಗೆ ಬೀಳುವುದು ಸಾಲ ಮಾಡಿ ಮನೆ ಕೊಂಡವರ ಮೇಲೆ.

ಶಾಲೆ, ಕಾಲೇಜು, ವಸತಿ ನಿಲಯ, ಕೈಗಾರಿಕಾ ಶೆಡ್ ಕಟ್ಟುವವರು ತಮಗೆ ವಿನಾಯಿತಿ ಇದೆ ಎಂಬ ಹಳೆಯ ಮಾತನ್ನು ನಂಬಿ ಕೂರಬಾರದು. ಕೇಂದ್ರ ಸರ್ಕಾರ 2025ರ ಜನವರಿಯಲ್ಲಿ ಕೊಟ್ಟಿದ್ದ ಅಂಥ ವಿನಾಯಿತಿಯನ್ನು ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದೆ.

ಅರ್ಜಿಯೊಳಗೆ ಏನಿರಬೇಕು

ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಪರಿಶೀಲಿಸುವುದು ಬೆಂಗಳೂರಿನಲ್ಲಿರುವ ರಾಜ್ಯ ಮಟ್ಟದ ತಜ್ಞರ ಸಮಿತಿ. ಅದರ ಶಿಫಾರಸಿನ ಮೇಲೆ ಅನುಮತಿ ಕೊಡುವುದು ಎಸ್‌ಇಐಎಎ ಎಂದು ಕರೆಯುವ ರಾಜ್ಯ ಮಟ್ಟದ ಪರಿಸರ ಆಘಾತ ಅಂದಾಜೀಕರಣ ಪ್ರಾಧಿಕಾರ. ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಇರುವುದಿಲ್ಲ. ಸಮಿತಿಗೆ 60 ದಿನ, ಅಲ್ಲಿಂದ ಪ್ರಾಧಿಕಾರಕ್ಕೆ 45 ದಿನ ಎಂಬುದು ನಿಯಮದ ಅವಧಿ. ದಾಖಲೆ ಅರೆಬರೆ ಇದ್ದರೆ ಹೆಚ್ಚುವರಿ ಮಾಹಿತಿ ಕೇಳಿ ಕಡತ ಹಿಂದೆ ಬರುತ್ತದೆ, ತಿಂಗಳುಗಳು ಉರುಳುತ್ತವೆ.

ಸಮಿತಿಯ ಪ್ರಶ್ನೆಗಳಲ್ಲಿ ಬಹುಪಾಲು ನೀರಿನವು. 100 ಮನೆಗಳ ಅಪಾರ್ಟ್‌ಮೆಂಟ್ ಎಂದುಕೊಳ್ಳಿ. ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ 67,500 ಲೀಟರ್ ನೀರು ಬೇಕು. ಅದರ ಶೇ 80ರಷ್ಟು, ಅಂದರೆ 54,000 ಲೀಟರ್, ಕೊಳಚೆ ನೀರಾಗಿ ಹೊರಬರುತ್ತದೆ. ಅದನ್ನು ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ) ಶುದ್ಧೀಕರಿಸಿ ಶೌಚಾಲಯದ ಫ್ಲಶ್‌ಗೆ ತಲೆಗೆ 45 ಲೀಟರ್‌ನಂತೆ ಬಳಸಿದರೆ 22,500 ಲೀಟರ್ ಖರ್ಚಾಗುತ್ತದೆ. ಉಳಿದ 31,500 ಲೀಟರ್? ಬೇಸಿಗೆಯಲ್ಲಿ ತೋಟಕ್ಕೆ ಎನ್ನಬಹುದು. ಜುಲೈನಲ್ಲಿ ತೋಟಕ್ಕೆ ನೀರೇ ಬೇಡ. ಒಳಚರಂಡಿ ಇರುವ ಕಡೆ ಪಾಲಿಕೆಯ ಒಪ್ಪಿಗೆ ಪತ್ರ ತನ್ನಿ. ಒಳಚರಂಡಿ ಇನ್ನೂ ತಲುಪದ ಹೊರವಲಯದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲದೆ ಕಟ್ಟಡದ ಗಾತ್ರವನ್ನೇ ನಿಗದಿ ಮಾಡಬಾರದು. ಫ್ಲಶ್‌ಗೆ ಪ್ರತ್ಯೇಕ ಕೊಳವೆ ಬೇಕಾಗುವುದರಿಂದ ಪ್ಲಂಬಿಂಗ್ ನಕ್ಷೆಯನ್ನೂ ಆರಂಭದಲ್ಲಿಯೇ ಬದಲಿಸಬೇಕು. ಗೋಡೆ ಎದ್ದ ಮೇಲೆ ಅದು ಆಗದ ಕೆಲಸ.

ಕುಡಿಯುವ ನೀರಿನ ಮೂಲದ ಪತ್ರವೂ ಬೇಕು. ಹುಬ್ಬಳ್ಳಿ–ಧಾರವಾಡಕ್ಕೆ ಸವದತ್ತಿಯ ಮಲಪ್ರಭಾ ಅಣೆಕಟ್ಟಿನಿಂದ ನೀರು ಬರಬೇಕು. ಕೊಳವೆಬಾವಿಯೊಂದನ್ನೇ ನೆಚ್ಚಿಕೊಂಡು ನೂರು ಮನೆ ಕಟ್ಟುವುದು ಮುಂದೆ ವಾಸಿಸುವವರಿಗೆ ಮಾಡುವ ಅನ್ಯಾಯ. ಕೊಳವೆಬಾವಿ ಕೊರೆಸುವುದಾದರೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ನಿಯಮಗಳನ್ನು ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಮಳೆ ನೀರು ಕೊಯ್ಲಿನ ಲೆಕ್ಕ ಸುಲಭ: 1 ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 1,000 ಚದರ ಮೀಟರ್ ಚಾವಣಿಗೆ 50 ಮಿಲಿಮೀಟರಿನ ಒಂದು ಮಳೆ 50,000 ಲೀಟರ್ ಕೊಡುತ್ತದೆ. ಆದರೆ ಬೇರೆ ಊರಿನ ಇಂಗುಗುಂಡಿಯ ನಕ್ಷೆಯನ್ನು ಇಲ್ಲಿಗೆ ನಕಲು ಮಾಡಬೇಡಿ. ಒದ್ದೆಯಾದ ಎರೆಮಣ್ಣು ಉಬ್ಬಿ ಬಿಗಿದುಕೊಂಡು ನೀರನ್ನು ಒಳಗೆ ಬಿಡುವುದೇ ಇಲ್ಲ. ಅಲ್ಲಿ ತೋಡಿದ ಗುಂಡಿಯಲ್ಲಿ ನೀರು ಹಾಗೆಯೇ ನಿಂತು ಸೊಳ್ಳೆಗಳ ತಾಣವಾಗುತ್ತದೆ. ಗುಂಡಿ ಎರೆಪದರವನ್ನು ದಾಟಿ ಗರಸಿನ ಪದರ ಮುಟ್ಟಬೇಕು. ಮುಟ್ಟದಿದ್ದರೆ ತೊಟ್ಟಿ ಕಟ್ಟಿ ನೀರನ್ನು ಬಳಸಿ. ಒಂದು ಗುಂಡಿ ತೋಡಿಸಿ, ನೀರು ತುಂಬಿಸಿ, ಎಷ್ಟು ಹೊತ್ತಿಗೆ ಇಂಗಿತು ಎಂದು ಬರೆದಿಟ್ಟರೆ ಸಾಕು, ಸಮಿತಿಯ ಮುಂದೆ ಹೇಳಲು ನಿಮ್ಮದೇ ಆಧಾರವಿರುತ್ತದೆ.

ಗದಗ, ಹಾವೇರಿ ಜಿಲ್ಲೆಗಳಲ್ಲಿ ಇನ್ನೊಂದು ಅಳತೆ ಬೇಕು. 2019ರಲ್ಲಿ ವನ್ಯಜೀವಿ ಧಾಮವಾದ ಕಪ್ಪತಗುಡ್ಡ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿದ ಮಾಗಡಿ ಕೆರೆ ಇವುಗಳಿಂದ ನಿಮ್ಮ ಜಾಗ ಎಷ್ಟು ದೂರ ಎಂಬುದಕ್ಕೆ ಅರಣ್ಯ ಇಲಾಖೆಯ ಪತ್ರ ಪಡೆಯಿರಿ, ಪರಿಸರ ಸೂಕ್ಷ್ಮ ವಲಯದ ಗಡಿಯನ್ನು ನಕ್ಷೆಯಲ್ಲಿ ಗುರುತಿಸಿ. ಯಾವ ಊರಿನಲ್ಲೇ ಆಗಲಿ ಕೆರೆಯ ಪಕ್ಕದ ಜಾಗವಾದರೆ ಬಿಡಬೇಕಾದ ಅಂತರವನ್ನು ನಗರಾಭಿವೃದ್ಧಿ ಪ್ರಾಧಿಕಾರದಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ಉಳಿದ ಸಮ್ಮತಿಗಳು

ಜಲ ಕಾಯ್ದೆ 1974 ಮತ್ತು ವಾಯು ಕಾಯ್ದೆ 1981ರ ಅಡಿಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ ಕಾಮಗಾರಿಗೆ ಮುಂಚೆ, ಚಾಲನಾ ಸಮ್ಮತಿ ಬಳಕೆಗೆ ಮುಂಚೆ ಬೇಕು. ಪರಿಸರ ಅನುಮತಿ ಪಡೆದವರಿಗೆ ಸ್ಥಾಪನಾ ಸಮ್ಮತಿಯ ಪುನರಾವರ್ತನೆ ತಪ್ಪಿಸಲು ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಅದು ನಿಮ್ಮ ಯೋಜನೆಗೆ ಹೇಗೆ ಅನ್ವಯಿಸುತ್ತದೆ ಎಂದು ಮಂಡಳಿಯ ಪ್ರಾದೇಶಿಕ ಕಚೇರಿಗೆ ಪತ್ರ ಬರೆದು ಉತ್ತರ ಪಡೆಯಿರಿ.

ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಮರ ನಿಮ್ಮ ಸ್ವಂತ ಜಾಗದಲ್ಲಿದ್ದರೂ. ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಬೇವು, ಆಲ, ಹುಣಸೆ ಇದ್ದರೆ ಅವುಗಳನ್ನು ಅಳೆದು ನಕ್ಷೆಯಲ್ಲಿ ಗುರುತಿಸಿ, ಕಟ್ಟಡವನ್ನೇ ಹತ್ತಡಿ ಸರಿಸಲಾಗುವುದೇ ಎಂದು ವಾಸ್ತುಶಿಲ್ಪಿಯನ್ನು ಮೊದಲು ಕೇಳಿ. ಎಷ್ಟೋ ಸಲ ಸರಿಸಬಹುದು.

ಹಳೆಯ ಕಟ್ಟಡ ಕೆಡವುವುದಿದ್ದರೆ 2016ರ ತ್ಯಾಜ್ಯ ನಿಯಮಗಳಲ್ಲಿ ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರುವವರು ತ್ಯಾಜ್ಯ ನಿರ್ವಹಣಾ ಯೋಜನೆಗೆ ಪಾಲಿಕೆಯ ಒಪ್ಪಿಗೆ ಪಡೆಯಬೇಕಿತ್ತು. ಅವುಗಳ ಜಾಗಕ್ಕೆ ಬಂದ 2025ರ ನಿಯಮಗಳಿಗೆ ಜಾರಿ ದಿನಾಂಕ 2026ರ ಏಪ್ರಿಲ್ 1. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ ಮರುಬಳಕೆಯ ಹೊಣೆಯನ್ನೂ ಅವು ಹೊರಿಸಿವೆ.

ಧೂಳು

ಗಾಳಿಯ ಗುಣಮಟ್ಟದ ಮಿತಿ ಮುಟ್ಟದ ನಗರಗಳೆಂದು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಗುರುತಿಸಿದ ಕರ್ನಾಟಕದ ನಾಲ್ಕರಲ್ಲಿ ಹುಬ್ಬಳ್ಳಿ–ಧಾರವಾಡವೂ ಒಂದು. ಉಳಿದವು ಬೆಂಗಳೂರು, ದಾವಣಗೆರೆ, ಕಲಬುರಗಿ. ಹಾಗಾಗಿ ಧೂಳು ನಿಯಂತ್ರಣವನ್ನು ಗುತ್ತಿಗೆದಾರರ ಮರ್ಜಿಗೆ ಬಿಡುವಂತಿಲ್ಲ. 2018ರ ಜನವರಿಯ ಕೇಂದ್ರ ನಿಯಮಗಳ ಪ್ರಕಾರ ಕಟ್ಟಡದ ಎತ್ತರದ ಮೂರನೇ ಒಂದರಷ್ಟು, ಗರಿಷ್ಠ 10 ಮೀಟರ್‌ವರೆಗೆ, ಗಾಳಿತಡೆ ನಿಲ್ಲಿಸಬೇಕು. ಮಣ್ಣು, ಉಸುಕಿನ ರಾಶಿ ತೆರೆದಿರಬಾರದು, ಕಲ್ಲು–ಟೈಲ್ಸ್ ಕತ್ತರಿಸುವುದು ಬಯಲಿನಲ್ಲಿ ನಡೆಯಬಾರದು, ಮುಚ್ಚದ ಲಾರಿ ಓಡಬಾರದು. ಕೈಗೊಂಡ ಕ್ರಮಗಳನ್ನು ಜನರಿಗೆ ಕಾಣುವಂತೆ ಫಲಕದಲ್ಲಿ ಬರೆಯಬೇಕು. ಇವನ್ನೆಲ್ಲ ಟೆಂಡರಿನ ದರಪಟ್ಟಿಯಲ್ಲಿಯೇ ಪ್ರತ್ಯೇಕ ಬಾಬ್ತಾಗಿ ಸೇರಿಸಿ. ಹಣ ಗೊತ್ತುಮಾಡದ ಕೆಲಸ ಸೈಟಿನಲ್ಲಿ ನಡೆಯುವುದಿಲ್ಲ. ಟಿಪ್ಪರ್‌ಗಳು ಹೊರಬೀಳುವ ಬಾಗಿಲಲ್ಲಿ ಗಾಲಿ ತೊಳೆಯುವ ತೊಟ್ಟಿ ಕಟ್ಟಿಸಿ. ರಸ್ತೆಗೆ ಅಂಟಿದ ಎರೆಮಣ್ಣಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಬೈಕ್ ಸವಾರರು ಜಾರಿ ಬೀಳುತ್ತಾರೆ.

ಅನುಮತಿ ಬರುವವರೆಗೆ, ಬಂದ ಮೇಲೆ

ಅನುಮತಿ ಕೈಗೆ ಬರುವವರೆಗೆ ಬೇಲಿ ಹಾಕಬಹುದು, ಕಾವಲುಗಾರನಿಗೆ ತಾತ್ಕಾಲಿಕ ಶೆಡ್ ಕಟ್ಟಬಹುದು. ಅಷ್ಟೇ. ಪಾಯ ತೆಗೆಯುವಂತಿಲ್ಲ. ಆಮೇಲೆ ಸರಿಪಡಿಸಿಕೊಳ್ಳೋಣ ಎಂದು ಶುರು ಮಾಡುವುದು ಜೂಜು: ಕಾಮಗಾರಿ ನಡೆಸಿದ ಮೇಲೆ ಕೊಡುವ ಅನುಮತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತಳ್ಳಿಹಾಕಿತ್ತು, ನವೆಂಬರ್‌ನಲ್ಲಿ ಬಹುಮತದಿಂದ ಆ ತೀರ್ಪನ್ನೇ ಹಿಂಪಡೆಯಿತು. ಇಷ್ಟು ಹೊಯ್ದಾಡಿದ ವಿಷಯದ ಮೇಲೆ ಜನರ ಉಳಿತಾಯದ ಹಣವನ್ನು ಇಡಬಾರದು.

ಅನುಮತಿ ಸಿಕ್ಕ 7 ದಿನಗಳೊಳಗೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಿ, ಅವುಗಳಲ್ಲಿ ಒಂದು ಕನ್ನಡದ್ದಿರಲಿ. ಅನುಮತಿಯನ್ನು ಪ್ರಶ್ನಿಸಬಯಸುವವರಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಲು 30 ದಿನಗಳಿವೆ. ಷರತ್ತುಗಳ ಪಾಲನಾ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಷರತ್ತುಗಳ ಕನ್ನಡ ಪಟ್ಟಿಯೊಂದನ್ನು ಸೈಟ್ ಎಂಜಿನಿಯರ್ ಮತ್ತು ಮೇಸ್ತ್ರಿ ಇಬ್ಬರಿಗೂ ಕೊಡಿ. ಕಾರ್ಮಿಕರ ಶೌಚಾಲಯ, ಕುಡಿಯುವ ನೀರಿನ ವ್ಯವಸ್ಥೆಯೂ ಅದರಲ್ಲಿ ಸೇರಿರಲಿ.

ಎಸ್‌ಟಿಪಿಯ ಬಗ್ಗೆ ಇನ್ನೊಂದು ಮಾತು. ನೂರು ಮನೆಗಳಿಗೆಂದು ಕಟ್ಟಿದ ಘಟಕಕ್ಕೆ ಮೊದಲ ವರ್ಷ ಇಪ್ಪತ್ತು ಮನೆಗಳ ಕೊಳಚೆ ನೀರಷ್ಟೇ ಬಂದರೆ ಅದರೊಳಗಿನ ಸೂಕ್ಷ್ಮಜೀವಿಗಳಿಗೆ ಆಹಾರ ಸಾಲದೆ ಘಟಕ ಸರಿಯಾಗಿ ಕೆಲಸ ಮಾಡುವುದಿಲ್ಲ. ಆರಂಭದ ವಿನ್ಯಾಸದಲ್ಲಿಯೇ ಘಟಕವನ್ನು ಎರಡು ಭಾಗ ಮಾಡಿಸಿ. ಮೊದಲು ಒಂದು ಭಾಗ ನಡೆಯಲಿ, ಮನೆಗಳು ತುಂಬಿದಂತೆ ಇನ್ನೊಂದನ್ನು ಚಾಲೂ ಮಾಡಬಹುದು. ಚಾಲನಾ ಸಮ್ಮತಿಗೆ ಅರ್ಜಿ ಹಾಕುವಾಗ ಈ ವಿವರವನ್ನೂ ಬರೆದು ಕೊಡಿ.