ಬಸವನ ಪಾದದಿಂದ ಗಾಳಿ ಆಂಜನೇಯನವರೆಗೆ: ವೃಷಭಾವತಿಯ ಜಾಡಿನಲ್ಲಿ ಒಂದು ನಡಿಗೆ

ಬೆಂಗಳೂರಿಗೆ ನದಿಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಒಂದು ಭಾನುವಾರ ಬೆಳಗ್ಗೆ ನನ್ನ ಜೊತೆ ಬನ್ನಿ ಎನ್ನುತ್ತೇನೆ. ದೊಡ್ಡ ಬಸವನ ಗುಡಿಯಿಂದ ಇಳಿಜಾರು ಹಿಡಿದು ವೃಷಭಾವತಿ ನದಿಯ ನೀರು ಹೋಗುವ ಕಡೆಗೇ ನಡೆದರೆ ಗುಡಿ, ಗವಿ, ಕೆರೆ, ಗಡಿಗೋಪುರ ಎಲ್ಲವೂ ಒಂದರ ಹಿಂದೆ ಒಂದು ಎದುರಾಗುತ್ತವೆ. ಎಲ್ಲ ಸೇರಿ ಐದಾರು ಕಿಲೋಮೀಟರ್ ಅಷ್ಟೇ.

ಮೊದಲು ನಾನೂ ಎಲ್ಲರಂತೆ ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಆಟೋದಲ್ಲಿ ಓಡಾಡುತ್ತಿದ್ದೆ. ಎಲ್ಲವೂ ಚೆನ್ನಾಗಿದ್ದವು, ಆದರೆ ಒಂದಕ್ಕೊಂದು ನಂಟು ಕಾಣುತ್ತಿರಲಿಲ್ಲ. ನಂಟು ಕಂಡಿದ್ದು ಭೂಮಿಯ ಏರಿಳಿತವನ್ನು ಗಮನಿಸಲು ಶುರು ಮಾಡಿದ ಮೇಲೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನ ಮೇಲೆ ನಮ್ಮ ಊರು ಕೂತಿದೆ. ಲಾಲ್‌ಬಾಗ್ ಕಡೆ ಬಿದ್ದ ಮಳೆ ಕೋರಮಂಗಲದ ಕಣಿವೆಗೆ ಇಳಿದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿ ಸೇರುತ್ತದೆ. ಲಾಲ್‌ಬಾಗ್‌ನಿಂದ ಎರಡು ಕಿಲೋಮೀಟರ್ ಕೂಡ ದೂರವಿಲ್ಲದ, ಬಸವನಗುಡಿಯ ಬ್ಯೂಗಲ್ ರಾಕ್ ಬಂಡೆಯ ಆಚೆ ಬಿದ್ದ ಮಳೆ ವೃಷಭಾವತಿಯಾಗಿ ಅರ್ಕಾವತಿ ಸೇರಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಇದನ್ನು ಕಣ್ಣಾರೆ ನೋಡಬೇಕಿದ್ದರೆ ಜೋರು ಮಳೆ ನಿಂತ ಕೂಡಲೇ ಬಸವನಗುಡಿಯ ಅಡ್ಡರಸ್ತೆಗಳಲ್ಲಿ ನಿಲ್ಲಬೇಕು. ಚರಂಡಿಯ ಪಕ್ಕ ಕೆಂಪು ನೀರು ಯಾವ ಕಡೆ ಓಡುತ್ತದೆ ಅಂತ ನೋಡಿ ನೋಡಿಯೇ ನಾನು ಈ ದಾರಿಯನ್ನು ಗುರುತು ಹಾಕಿಕೊಂಡಿದ್ದು. ಫೋನಿನ ನಕ್ಷೆ ರಸ್ತೆ ತೋರಿಸುತ್ತದೆ, ಇಳಿಜಾರನ್ನು ಕಾಲೇ ಹೇಳಬೇಕು.

ನ್ಯಾಷನಲ್ ಕಾಲೇಜು ಮೆಟ್ರೋದಲ್ಲಿ ಇಳಿದು, ಗಾಂಧಿ ಬಜಾರಿನಲ್ಲಿ ತಿಂಡಿ ಮುಗಿಸಿ ಬ್ಯೂಗಲ್ ರಾಕ್ ಉದ್ಯಾನಕ್ಕೆ ಬರುತ್ತೇನೆ. ಇಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮರಗಳ ತುಂಬ ತಲೆಕೆಳಗಾಗಿ ಬಾವಲಿಗಳು, ಕೆಳಗೆ ಡಿವಿಜಿಯವರ ಪ್ರತಿಮೆ. ಪಕ್ಕದಲ್ಲೇ ದೊಡ್ಡ ಗಣಪತಿ, ಮೇಲೆ ದೊಡ್ಡ ಬಸವಣ್ಣ. ಬಸವಣ್ಣ ಸುಮಾರು 15 ಅಡಿ ಎತ್ತರದ ಒಂದೇ ಕಲ್ಲು, ಎಣ್ಣೆ ಕುಡಿದೂ ಕುಡಿದೂ ಕಪ್ಪಗೆ ಮಿರುಗುತ್ತಾನೆ. ವೃಷಭಾವತಿ ಹುಟ್ಟುವುದು ಅವನ ಪಾದದಡಿಯಲ್ಲಿ ಎಂಬುದು ಹಿಂದಿನಿಂದ ಬಂದ ನಂಬಿಕೆ. ಕಾರ್ತಿಕದ ಕಡೇ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಿ ನೂಕುನುಗ್ಗಲಲ್ಲಿ ಮಾತ್ರ ಈ ಜಾಗ ನೋಡಿದವರು ಒಂದು ಸಾಮಾನ್ಯ ದಿನ ಬೆಳಗ್ಗೆ ಏಳಕ್ಕೆ ಬರಬೇಕು. ಇದೊಂದು ಗುಡ್ಡದ ನೆತ್ತಿ ಎಂದು ಆಗ ಗೊತ್ತಾಗುತ್ತದೆ.

ಅಲ್ಲಿಂದ ಗವಿಪುರಕ್ಕೆ ಇಳಿಯುವ ಓಣಿಗಳೆಂದರೆ ನನಗೆ ಪ್ರಾಣ. ಮನೆ ಮುಂದೆ ರಂಗೋಲಿ ಹಾಕುತ್ತಿದ್ದ ಒಬ್ಬ ಅಜ್ಜಿಯನ್ನು ಒಮ್ಮೆ ನೀರಿನ ವಿಷಯ ಕೇಳಿದೆ. "ಇಲ್ಲೆಲ್ಲಾ ಬಾವಿಗಳಿದ್ವು ಕಣಮ್ಮಾ, ಬಗ್ಗಿದ್ರೆ ಕೊಡಕ್ಕೆ ನೀರು ಸಿಗ್ತಿತ್ತು. ಈಗ ಟ್ಯಾಂಕರ್ ಬರುತ್ತೆ" ಅಂದರು. ಹಳಬರನ್ನು ಮಾತಾಡಿಸದೆ ಈ ದಾರಿಯಲ್ಲಿ ಮುಂದೆ ಹೋಗಬೇಡಿ.

ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಕನಿಷ್ಠ ಮುಕ್ಕಾಲು ಗಂಟೆ ಇರಿ. ಗರ್ಭಗುಡಿಯೇ ಬಂಡೆಯೊಳಗಿನ ಗವಿ. ಪ್ರದಕ್ಷಿಣೆ ಹಾಕಲು ನಡು ಬಗ್ಗಿಸಿ ನಡೆಯಬೇಕು, ಅಂಗೈ ಇಟ್ಟರೆ ಬಂಡೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗ ಮುಟ್ಟುವುದನ್ನು ನೋಡಲು ಊರೇ ಸೇರುತ್ತದೆ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಅಂಗಳದ ಕಲ್ಲುಗಳು. ಕಂಬದ ಮೇಲೆ ಕೂರಿಸಿದ ಭಾರಿ ಕಲ್ಲಿನ ತಟ್ಟೆಗಳಾದ ಸೂರ್ಯಪಾನ, ಚಂದ್ರಪಾನ, ಪಕ್ಕದಲ್ಲಿ ಕಲ್ಲಿನದೇ ತ್ರಿಶೂಲ, ಡಮರು. ಒಳಗೆ ಎರಡು ತಲೆ, ಏಳು ಕೈ, ಮೂರು ಕಾಲಿನ ಅಗ್ನಿಯ ಮೂರ್ತಿಯಿದೆ. ದೀಪದ ಬೆಳಕಿನಲ್ಲಿ ಸಾವಧಾನವಾಗಿ ಎಣಿಸಿ ನೋಡಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೇ ನಾನು ಬೆಳಗ್ಗೆ ಬೇಗ ಹೊರಡಿ ಎನ್ನುವುದು.

ಗುಡಿ ಬಿಟ್ಟು ಇನ್ನಷ್ಟು ಇಳಿದರೆ ಕೆಂಪಾಂಬುಧಿ ಕೆರೆ. 1537ರಲ್ಲಿ ಊರು ಕಟ್ಟಿದ ಕೆಂಪೇಗೌಡರು ಕೋಟೆ ಪೇಟೆಗಳ ಜೊತೆಗೇ ಕೆರೆಗಳನ್ನೂ ಕಟ್ಟಿಸಿದರು. ವರ್ಷವಿಡೀ ಹರಿಯುವ ದೊಡ್ಡ ಹೊಳೆಯಿಲ್ಲದ ಎತ್ತರದ ನೆಲದಲ್ಲಿ ತೊರೆಗೆ ಅಡ್ಡ ಏರಿ ಹಾಕಿ ನೀರು ನಿಲ್ಲಿಸದೆ ಊರು ಬದುಕುವ ಹಾಗಿರಲಿಲ್ಲ. ಕೆರೆಯ ಬಳಿ ಬಂಡೆಯ ಮೇಲಿರುವ ಪುಟ್ಟ ಗೋಪುರ ನಾಲ್ಕು ಗಡಿಗೋಪುರಗಳಲ್ಲಿ ಒಂದು. ಉಳಿದ ಮೂರು ಲಾಲ್‌ಬಾಗ್, ಹಲಸೂರು ಮತ್ತು ಮೇಖ್ರಿ ವೃತ್ತದ ಬಳಿ ಇವೆ. ನಾನು ಇಲ್ಲಿ ಚೀಲ ಇಳಿಸಿ, ನೀರು ಕುಡಿದು, ಬಂದ ದಾರಿಯನ್ನು ಹಿಂತಿರುಗಿ ನೋಡುತ್ತೇನೆ. ಬಸವನ ಗುಡ್ಡ ಮೇಲೆ, ಗವಿ ನಡುವೆ, ಕೆರೆ ಕೆಳಗೆ. ನೀರಿನ ದಾರಿ ತಿಳಿದವರು ಮಾತ್ರ ಹೀಗೆ ಊರು ಕಟ್ಟಬಲ್ಲರು.

ಕೆರೆಯ ನಂತರದ ನಡಿಗೆ ಕಷ್ಟದ್ದು, ಮುಚ್ಚಿಡುವುದಿಲ್ಲ. ಮೈಸೂರು ರಸ್ತೆಯತ್ತ ಹೋಗುವಾಗ ತೊರೆ ಕಾಂಕ್ರೀಟ್ ಗೋಡೆಗಳ ನಡುವಿನ ಮೋರಿಯಾಗುತ್ತದೆ. ಸೇತುವೆಯ ಮೇಲೆ ನಿಂತರೆ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು, ಕಪ್ಪು ನೀರಿನ ಮೇಲೆ ಬಿಳಿ ನೊರೆ ತೇಲುತ್ತಿರುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕೆರೆಯ ಬಳಿಯೇ ನಡಿಗೆ ಮುಗಿಸಿ. ಆದರೆ ಆಗುವವರು ದಯವಿಟ್ಟು ಪೂರ್ತಿ ನಡೆಯಿರಿ. ನಮ್ಮ ಬಚ್ಚಲು, ಕಾರ್ಖಾನೆಗಳ ನೀರೆಲ್ಲ ಹೊತ್ತು ಈ ಹೊಳೆ ಕೆಂಗೇರಿ, ಬಿಡದಿ ಕಡೆಗೆ ಸಾಗಿ ಬೈರಮಂಗಲದ ಕೆರೆ ತುಂಬುತ್ತದೆ. ಅಲ್ಲಿನ ರೈತರ ಪಾಲಿಗೆ ಬೆಂಗಳೂರೆಂದರೆ ಈ ನೀರು. ಬಸವನ ಪಾದಕ್ಕೆ ಕೈಮುಗಿದು ಬಂದ ಬೆಳಗ್ಗೆಯೇ ಇದನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ. ತೊಳಸಲೇಬೇಕು ಎಂದು ನನಗನ್ನಿಸುತ್ತದೆ.

ಕೊನೆಗೆ ಬ್ಯಾಟರಾಯನಪುರದ ಗಾಳಿ ಆಂಜನೇಯ. ವ್ಯಾಸರಾಯರು ಪ್ರತಿಷ್ಠಾಪಿಸಿದ ಮೂರ್ತಿ ಎಂಬ ಪ್ರತೀತಿಯಿದೆ. ಎರಡು ತೊರೆಗಳು ಕೂಡುವಲ್ಲಿ ಕಟ್ಟಿದ ಗುಡಿ ಇದು. ಈಗಲೂ ಮಳೆ ಜೋರಾದರೆ ಗುಡಿಯೊಳಗೆ ನೀರು ನುಗ್ಗುವುದುಂಟು.

ಗಟ್ಟಿ ಅಡಿಯ ಶೂ, ಒಂದು ಲೀಟರ್ ನೀರು, ಗುಡಿಯಲ್ಲಿ ಚಪ್ಪಲಿ ಬಿಡಲು ಒಂದು ಬಟ್ಟೆಚೀಲ, ಇಷ್ಟಿದ್ದರೆ ಸಾಕು. ವಾಪಸಿಗೆ ದೀಪಾಂಜಲಿನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ಗೆ ಬನ್ನಿ. ಅಲ್ಲಿನ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ದಿಣ್ಣೆಯ ಇನ್ನೊಂದು ಮಗ್ಗುಲನ್ನು ಮುಂದಿನ ವಾರ ನಡೆಯುವುದಾದರೆ ಲಾಲ್‌ಬಾಗ್ ಬಂಡೆಯ ಗೋಪುರದಿಂದ ಹೊರಟು, ಶಾಂತಿನಗರದಲ್ಲಿ ಕೆ-100 ರಾಜಕಾಲುವೆಯ ದಂಡೆ ಹಿಡಿಯಿರಿ. ಅಲ್ಲಿ ಕಾಲುವೆಯ ಪಕ್ಕ ನಡೆಯಲು ದಾರಿ ಮಾಡಿದ್ದಾರೆ.