ಇನ್ವರ್ಟರ್ ಬಿಟ್ಟೆ, ಬೆಳಕು ಉಳಿಯಿತು

"12 ವೋಲ್ಟ್ ಡಿಸಿ ಇಟ್ಟುಕೊಂಡು ಮನೆಮನೆಗೆ ಕರೆಂಟ್ ಕೊಡ್ತೀಯಾ? ಅರ್ಧ ದಾರಿಯಲ್ಲೇ ಸತ್ತುಹೋಗುತ್ತೆ" ಅಂತ ಸೋಲಾರ್ ಕೆಲಸದಲ್ಲೇ ಇರುವ ಗೆಳೆಯರು ಹೇಳಿದ್ದರು. ಈಗ ಮೂರನೇ ವರ್ಷ. ಮೋಡ ಬಿಡದೆ ಕವಿದಿದ್ದ ಎರಡು ಮೂರು ರಾತ್ರಿ ಬಿಟ್ಟರೆ ದೀಪ ಆರಿಲ್ಲ.

ಮೊದಲ ಸಲ ನಾನೂ ಎಲ್ಲರ ಹಾಗೇ ಮಾಡಿದ್ದೆ. 12 ಮನೆ, ನಡುವೆ ಒಂದು ದೊಡ್ಡ ಸಿಸ್ಟಮ್, ಲೆಡ್ ಆಸಿಡ್ ಬ್ಯಾಟರಿ, ಬ್ಯಾಟರಿಯ ಡಿಸಿಯನ್ನು ಮಾಮೂಲಿ ಮನೆ ಕರೆಂಟ್ (ಎಸಿ) ಮಾಡುವ ಇನ್ವರ್ಟರ್. ಕೂಡಿಸಿದ ದುಡ್ಡಿನಲ್ಲಿ ಹೆಚ್ಚುಕಮ್ಮಿ ಅರ್ಧ ಬ್ಯಾಟರಿಗೇ ಹೋಯಿತು. 14 ತಿಂಗಳಿಗೆ ಅದು ಕೈಕೊಟ್ಟಿತು. ಮುಚ್ಚಳ ತೆಗೆದು ನೋಡಿದರೆ ಪ್ಲೇಟುಗಳ ಮೇಲಿನ ಅಂಚು ಒಣಗಿ ಬಿಳಿಚಿಕೊಂಡಿತ್ತು. ನೀರು ಹಾಕಿದವರೇ ಇಲ್ಲ. ಟರ್ಮಿನಲ್‌ಗೆ ಎರಡು ಕ್ಲಿಪ್ ಕಚ್ಚಿಸಿ, ಬ್ಯಾಟರಿ ಕಾಯುವ ಕಂಟ್ರೋಲರ್ ತಪ್ಪಿಸಿ, ಯಾರೋ ಟಿವಿಗೆ ನೇರ ತಂತಿ ಎಳೆದಿದ್ದರು. ಅವರನ್ನು ಬೈದು ಏನು ಬಂತು? ಟಿವಿ ಬೇಕಾ ಅಂತ ಮೊದಲೇ ಕೇಳಬೇಕಾದವನು ನಾನು.

ಆಮೇಲೆ ಮೀಟರ್ ಹಿಡಿದು ಒಂದು ವಾರ ಕೂತೆ. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ಸುಮಾರು 15 ವಾಟ್ ತಿನ್ನುತ್ತಿತ್ತು. ದಿನಕ್ಕೆ 360 ವಾಟ್ ಅವರ್. 12 ಮನೆಯ ದೀಪಗಳೆಲ್ಲ ಸೇರಿ ಬಳಸುತ್ತಿದ್ದದ್ದೂ ಅಷ್ಟೇ! ಅವತ್ತೇ ಇನ್ವರ್ಟರ್ ಕಿತ್ತೆ.

ಎರಡನೇ ಸಲ ನಾಲ್ಕು ನಾಲ್ಕು ಮನೆಗೆ ಒಂದು ಗುಂಪು ಮಾಡಿದೆ. ಒಂದು ಗುಂಪಿಗೆ 100 ವಾಟ್‌ನ ಒಂದು ಪ್ಯಾನೆಲ್, 30 ಆಂಪಿಯರ್ ಅವರ್‌ನ ನಾಲ್ಕು ಎಲ್‌ಎಫ್‌ಪಿ (ಲಿಥಿಯಂ ಬ್ಯಾಟರಿಯ ಒಂದು ಬಗೆ) ಸೆಲ್, ಆ ಸೆಲ್‌ಗಳನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್, ಪ್ಯಾನೆಲನ್ನು ಬ್ಯಾಟರಿಯ ವೋಲ್ಟಿಗೇ ಎಳೆದು ಚಾರ್ಜ್ ಮಾಡುವ ಸಾದಾ ಪಿಡಬ್ಲ್ಯುಎಂ ಕಂಟ್ರೋಲರ್. ಪ್ಯಾನೆಲ್‌ನ ಹೆಚ್ಚಿನ ವೋಲ್ಟನ್ನೂ ಬಳಸಿಕೊಳ್ಳುವ ದುಬಾರಿ ಕಂಟ್ರೋಲರ್ ಎಂಪಿಪಿಟಿ; ಇಷ್ಟು ಚಿಕ್ಕದಕ್ಕೆ ಅದಕ್ಕೆ ಕೊಡುವ ದುಡ್ಡು ದಂಡ. ಆದರೆ ಪ್ಯಾನೆಲ್ 12 ವೋಲ್ಟ್ ಬ್ಯಾಟರಿಗೆ ಹೊಂದುವ 36 ಸೆಲ್‌ನದ್ದೇ ಇರಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಕಡೆ 60 ಸೆಲ್‌ನದ್ದು ಹಾಕಿ, ಅದರ ಅರ್ಧಕ್ಕಿಂತ ಜಾಸ್ತಿ ಶಕ್ತಿ ಕಳೆದುಕೊಂಡೆ. ಪ್ರತಿ ಮನೆಗೆ 3 ವಾಟ್‌ನ ಎರಡು ಎಲ್‌ಇಡಿ, ಒಂದು ಫೋನ್ ಚಾರ್ಜರ್. ಟಿವಿ ಕೇಳಿದವರಿಗೆ 12 ವೋಲ್ಟ್‌ನ ಚಿಕ್ಕ ಟಿವಿ ಕೊಟ್ಟು, ಅವರ ಗುಂಪಿಗೆ ಇನ್ನೊಂದು ಪ್ಯಾನೆಲ್ ಸೇರಿಸಿದೆ.

ಎಲ್ಲರೂ ಹೆದರಿಸಿದ್ದು ತಂತಿ ವಿಷಯಕ್ಕೆ, ಅಲ್ವಾ? ಯಾವ ಮನೆಯೂ ಬ್ಯಾಟರಿಯಿಂದ 12 ಮೀಟರ್ ದಾಟದ ಹಾಗೆ ಕಂಬ ನಿಲ್ಲಿಸಿದೆ. 2.5 ಚದರ ಮಿ.ಮೀ. ತಾಮ್ರ. ದೀಪ, ಫೋನ್ ಎಲ್ಲ ಹಾಕಿ ಕೊನೆಯ ಮನೆಯಲ್ಲಿ ಅಳೆದಾಗ ತಂತಿಯಲ್ಲಿ ಕಾಲು ವೋಲ್ಟ್ ಕೂಡ ಕಮ್ಮಿಯಾಗಿರಲಿಲ್ಲ. ಅದೇ ಮೀಟರನ್ನು ಗೆಳೆಯರ ಕೈಗೆ ಕೊಟ್ಟು ನೋಡಿ ಅಂದೆ.

ಮಧ್ಯೆ ಹಳೇ ಲ್ಯಾಪ್‌ಟಾಪ್ ಬ್ಯಾಟರಿಯ ಸೆಲ್‌ಗಳ ಹುಚ್ಚೂ ಹತ್ತಿತ್ತು. ನೂರು ಬಿಚ್ಚಿದರೆ 40 ಕೆಲಸಕ್ಕೆ ಬಂದವು. ಒಂದು ಚಾರ್ಜ್ ಆಗುವಾಗ ಮುಟ್ಟಲಾಗದಷ್ಟು ಕಾದಿತು. ಜನ ಮಲಗುವ ಮನೆಯಲ್ಲಿ ಇಂಥದ್ದು ಬೇಡ ಅಂತ ಅಲ್ಲಿಗೇ ಬಿಟ್ಟೆ. ಇನ್ನೊಂದು ಕಡೆ ಒಂದೇ ಒಂದು ಕೊಂಬೆಯ ನೆರಳು ಪ್ಯಾನೆಲ್‌ನ ಎರಡು ಸೆಲ್ ಮೇಲೆ ಬಿದ್ದು, ಮಧ್ಯಾಹ್ನದ ಕರೆಂಟ್ ಅರ್ಧಕ್ಕಿಂತ ಕೆಳಗಿಳಿದಿತ್ತು. ಕೊಂಬೆ ಕಡಿದ ಮರುದಿನ ಸರಿಹೋಯಿತು.

ಮನೆಗೆ ಬಿದ್ದ ಖರ್ಚು ಮೊದಲಿನದರ ಮುಕ್ಕಾಲಿಗಿಂತ ಕಡಿಮೆ. ಸೀಮೆಎಣ್ಣೆಗೆ ಕೊಡುತ್ತಿದ್ದದ್ದರ ಅರ್ಧವನ್ನು ತಿಂಗಳ ಚಂದಾ ಮಾಡಿದೆವು. ಅದು ಆ ಮನೆಯವರಲ್ಲೇ ಒಬ್ಬರ ಹತ್ತಿರ ಇರುತ್ತದೆ, ಬ್ಯಾಟರಿ ಪೆಟ್ಟಿಗೆಯ ಕೀಲಿಯೂ ಅವರದ್ದೇ. ಸೆಲ್‌ಗಳನ್ನು ಜೋಡಿ ಹೊಂದಿಸುವ ನನ್ನ ಕ್ರಮ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಎರಡು ವರ್ಷ ಸುರಿದಿದ್ದೇನೆ.

ಹೋದ ತಿಂಗಳು ಮೊದಲ ಗುಂಪಿನ ಬ್ಯಾಟರಿ ಅಳೆದೆ. 30 ಆಂಪಿಯರ್ ಅವರ್‌ನಲ್ಲಿ 27 ಚಿಲ್ಲರೆ ಇನ್ನೂ ಇದೆ.