ಪುಸ್ತಕದಂಗಡಿಯಲ್ಲಿ ‘ಮುಂದೆ ಕೊಳ್ಳುವ’ ಪಟ್ಟಿ ಮಾಡುವುದು ಹೇಗೆ

ತುಮಕೂರಿನಲ್ಲಿ ಪುಸ್ತಕದಂಗಡಿ ಸುತ್ತಬೇಕೆಂದರೆ ಮೇ ಕೊನೆ ಮತ್ತು ಜೂನ್ ತಿಂಗಳನ್ನು ಬಿಟ್ಟುಬಿಡಿ. ಆಗ ಶಾಲೆ ಪುಸ್ತಕ, ನೋಟ್‌ಬುಕ್ಕಿನ ಗಿರಾಕಿಗಳೇ ತುಂಬಿರುತ್ತಾರೆ, ಅಂಗಡಿಯವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಉಳಿದಂತೆ ವಾರದ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು. ಹೋದ ಕೂಡಲೇ “ಇವತ್ತು ನೋಡಿ ಪಟ್ಟಿ ಮಾಡ್ಕೊಳ್ತೀನಿ ಸರ್” ಎಂದು ಹೇಳಿಬಿಡಿ. ಫೋಟೋ ತೆಗೆಯುವ ಮುಂಚೆ ಕೇಳಿ.

ಮುಂದಿನ ಸಾಲಿನಲ್ಲಿ ಸಾಮಾನ್ಯವಾಗಿ ಗೈಡುಗಳು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಯಶಸ್ಸಿನ ಸೂತ್ರ ಹೇಳುವ ಅನುವಾದಗಳು ಇರುತ್ತವೆ. ಆತ್ಮಕತೆ, ಜೀವನಚರಿತ್ರೆಗಳು ಒಳಗಿನ ಕಪಾಟಿನಲ್ಲಿ ಸಿಗುತ್ತವೆ. ಹುಡುಕುವುದಕ್ಕಿಂತ ಕೇಳುವುದೇ ಬೇಗ.

ಸ್ಫೂರ್ತಿಗೆಂದು ಓದುವ ಪುಸ್ತಕವನ್ನು ಮುನ್ನುಡಿ, ಬೆನ್ನುಡಿ ನೋಡಿ ಆರಿಸಬೇಡಿ. ಅವು ಹೊಗಳಲೆಂದೇ ಬರೆಸಿದವು. ಪರಿವಿಡಿ ನೋಡಿ, ನಡುವಿನ ಎರಡು ಪುಟ ನಿಂತಲ್ಲೇ ಪೂರ್ತಿ ಓದಿ. ಆತ್ಮಕತೆಯಾದರೆ ಕಷ್ಟದ ವರ್ಷಗಳಿಗೆ ಎಷ್ಟು ಪುಟ ಕೊಟ್ಟಿದ್ದಾರೆ ಗಮನಿಸಿ. ಸಾಲ, ಹಸಿವು, ಫೇಲಾದದ್ದು ಒಂದೇ ಪ್ಯಾರಾದಲ್ಲಿ ಮುಗಿದು, ಸನ್ಮಾನಗಳೇ ಐವತ್ತು ಪುಟ ತುಂಬಿದ್ದರೆ ಅದು ನಿಮಗೆ ಏನನ್ನೂ ಕೊಡುವುದಿಲ್ಲ. ನಮ್ಮ ಸೀಮೆಯವರದೇ ಬೇಕೆಂದರೆ ಗೌರಿಬಿದನೂರು ಕಡೆಯ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ಆತ್ಮಕತೆ ‘ಹೋರಾಟದ ಹಾದಿ’ ಕೇಳಿ. ಓದಲೆಂದು ಬೆಂಗಳೂರಿಗೆ ನಡೆದೇ ಹೋದವರು ಅವರು.

ಇನ್ನು ಬರೆದುಕೊಳ್ಳುವ ಕೆಲಸ. ಬಹುತೇಕ ಪಟ್ಟಿಗಳು ಕೆಡುವುದು ಇಲ್ಲೇ. ನಲವತ್ತು ಮುಖಪುಟಗಳ ಫೋಟೋ ಮೊಬೈಲಿನಲ್ಲಿ ಕೂತಿರುತ್ತದೆ, ಯಾವುದು ಯಾಕೆ ಬೇಕಿತ್ತೆಂಬುದೇ ಮರೆತಿರುತ್ತದೆ. ಮುಖಪುಟದ ಬದಲು ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡಿ. ಪ್ರಕಾಶಕರು, ಮೊದಲ ಮುದ್ರಣದ ವರ್ಷ, ಎಷ್ಟನೇ ಮುದ್ರಣ, ಪುಟ, ಬೆಲೆ, ಹಲವು ಸಲ ಪ್ರತಿಗಳ ಸಂಖ್ಯೆ, ಕಾಗದ ಎಷ್ಟು ತೂಕದ್ದೆಂದು ಹೇಳುವ ಜಿಎಸ್‌ಎಂ ಕೂಡ ಅಲ್ಲೇ ಇರುತ್ತದೆ. 978ರಿಂದ ಶುರುವಾಗುವ 13 ಅಂಕಿಯ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇದ್ದರೆ ಅದನ್ನೂ ಬರೆದುಕೊಳ್ಳಿ. ಜೊತೆಗೆ ನಿಮ್ಮದೊಂದು ಸಾಲು: ಯಾವ ಪುಟ ಹಿಡಿಸಿತು, ಯಾಕೆ.

ಪ್ರಕಾಶಕರ ಹೆಸರು ಬಿಟ್ಟರೆ ಬೇರೆಯದೇ ಪುಸ್ತಕ ಮನೆಗೆ ಬರುತ್ತದೆ. ಮುಳಬಾಗಿಲಿನ ಡಿವಿಜಿಯವರ ಕಗ್ಗವನ್ನೇ ನೋಡಿ: ಬರೀ 945 ಪದ್ಯಗಳದ್ದು, ತಾತ್ಪರ್ಯ ಸಹಿತದ್ದು, ಆಯ್ದ ಪದ್ಯಗಳದ್ದು ಎಂದು ನಾನಾ ರೂಪಗಳಲ್ಲಿ ಸಿಗುತ್ತದೆ. ‘ಕಗ್ಗ’ ಎಂದಷ್ಟೇ ಬರೆದುಕೊಂಡರೆ ಯಾವುದು ಬೇಕಿತ್ತೋ ಅದು ಸಿಗಲಿಕ್ಕಿಲ್ಲ. ಅನುವಾದವಾದರೆ ಅನುವಾದಕರ ಹೆಸರು ಕಡ್ಡಾಯ. ‘ಸಂಗ್ರಹ’, ‘ಸಂಕ್ಷಿಪ್ತ’ ಎಂದು ಚಿಕ್ಕ ಅಕ್ಷರದಲ್ಲಿದೆಯೇ ನೋಡಿಕೊಳ್ಳಿ.

ಒಂದು ಸುತ್ತಿಗೆ ಏಳೆಂಟು ಹೆಸರು ಸಾಕು. ಅದರಲ್ಲಿ ಹತ್ತು ವರ್ಷದ ಹಿಂದೆ ಒಂದೇ ಮುದ್ರಣ ಕಂಡು, ಸಾವಿರ ಪ್ರತಿಗಳಷ್ಟೇ ಅಚ್ಚಾದದ್ದು ಇದ್ದರೆ ಪಟ್ಟಿಯ ತಲೆಗೆ ಹಾಕಿ. ಕೈಲಿ ಹಣವಿದ್ದರೆ ಅವತ್ತೇ ತಗೊಳ್ಳಿ. ಮರುಮುದ್ರಣ ಬರುತ್ತದೆಂಬ ಭರವಸೆ ಇಲ್ಲ. ಮೇಲಿಂದ ಮೇಲೆ ಮುದ್ರಣ ಕಾಣುವ ಪುಸ್ತಕಗಳು ಕಾಯಬಲ್ಲವು. ಅವನ್ನು ನವೆಂಬರಿಗೆ ಎಂದು ಗುರುತು ಹಾಕಿ, ರಾಜ್ಯೋತ್ಸವಕ್ಕೆ ಹಲವು ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ. ಬರೀ ಕುತೂಹಲದ್ದಾದರೆ ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ.

ಸ್ಟಾಕಿಲ್ಲದ ಪುಸ್ತಕಗಳನ್ನು ಒಂದು ಚೀಟಿಯಲ್ಲಿ ಬರೆದು, ಫೋನ್ ನಂಬರ್ ಸಮೇತ ಅಂಗಡಿಯಲ್ಲಿ ಕೊಟ್ಟು ಬನ್ನಿ. ಬೆಂಗಳೂರು ಎಪ್ಪತ್ತು ಕಿಲೋಮೀಟರ್. ಮುಂದಿನ ಸಲ ಅಲ್ಲಿಂದ ಮಾಲು ತರಿಸುವಾಗ ಅಂಗಡಿಯವರು ಅವನ್ನೂ ಸೇರಿಸಿ ತರಿಸಬಹುದು.